ವಿರುಪಮ್ಮನ ಪಾಲಿನ ರಸ್ತೆ

ಆ ವಾರ ಹೊಸಪೇಟೆಯಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಬರುತ್ತಿತ್ತು. ಹಂಪಿಯ ಬಂಡೆಗಳು ಹಗಲೆಲ್ಲ ಕುಡಿದ ಕಾವನ್ನು ಕತ್ತಲಾದ ಮೇಲೂ ಉಗುಳುತ್ತಿದ್ದವು. ಗಾಳಿ ಎಂಬುದೊಂದಿದೆ ಎನ್ನುವುದನ್ನೇ ಬಾಳೆಯೆಲೆಗಳು ಮರೆತಂತಿದ್ದವು. ಇಂಥ ಬಿಸಿಲು ಸುಮ್ಮನೆ ಇಳಿದುಹೋಗುವುದಿಲ್ಲ ಎಂದು ದೇವಿಕಾಗೆ ಗೊತ್ತಿತ್ತು.

ಗೊತ್ತಿರುವುದೇ ಅವಳ ಕೆಲಸ. ರೈತರಿಗೆ ಹವಾಮಾನದ ಸಲಹೆ ಕೊಡುವ ಸಣ್ಣ ಕಚೇರಿಯೊಂದರಲ್ಲಿ ಕೂತು, ಬಿಸಿಲು ಎಲ್ಲಿ ಏರುತ್ತಿದೆ, ಮೋಡ ಎಲ್ಲಿ ಹುಟ್ಟುತ್ತಿದೆ, ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ಪರದೆಯ ಮೇಲೆ ನೋಡಿ, ಹೊಸಪೇಟೆ, ಸಂಡೂರು, ಕಂಪ್ಲಿ, ಹೊಳೆಯಾಚೆಯ ಸೀಮೆಯ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ತನ್ನ ದನಿಯಲ್ಲೇ ಸಂದೇಶ ಕಳಿಸುತ್ತಿದ್ದಳು. ಎಂ.ಎಸ್ಸಿ. ಓದಿದವಳು, ಮಾತನ್ನು ತೂಗಿ ಆಡುವವಳು. ‘ಬರುತ್ತದೆ’ ಎನ್ನುವ ಕಡೆ ‘ಬರುವ ಸಾಧ್ಯತೆ ಇದೆ’ ಎನ್ನುವುದನ್ನು ಎಂದೂ ಮರೆತವಳಲ್ಲ.

ಹೋದ ಬೇಸಿಗೆಯಲ್ಲೂ ಮರೆತಿರಲಿಲ್ಲ. “ಸಂಡೂರು ಗುಡ್ಡದ ಕಡೆಯಿಂದ ಗುಡುಗು ಮಳೆ ಬರುವ ಸಾಧ್ಯತೆ ಇದೆ. ಒಣಗಲು ಹಾಕಿದ ಭತ್ತ ಮುಚ್ಚಿಕೊಳ್ಳಿ” ಎಂದಿದ್ದಳು. ಆ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಕಂಪ್ಲಿಗೆ ಈಚೆ, ಕಾಲುವೆ ದಂಡೆಯ ಊರೊಂದರಲ್ಲಿ ಅದನ್ನು ಕೇಳಿ ಮನೆಯೊಳಗಿದ್ದವರೆಲ್ಲ ಹೊರಗೆ ಓಡಿದರು. ಊರಿನಿಂದ ಕಾಲುವೆಗೆ ಹೋಗುವ ಟಾರು ರಸ್ತೆಯೇ ಅವರ ಭತ್ತದ ಕಣ. ಸುತ್ತ ಬಯಲು, ತಲೆಯ ಮೇಲೆ ಕವಿದ ಮೋಡ. ವಿರುಪಮ್ಮ ಎಂಬಾಕೆ, ಭತ್ತಕ್ಕೆ ಹೊದಿಸುವಾಗ ಹಾರುತ್ತಿದ್ದ ಪ್ಲಾಸ್ಟಿಕ್ ತಾಡಪತ್ರಿಯ ಮೂಲೆಯನ್ನು ಎಳೆದು ಹಿಡಿದಿದ್ದಾಗ ಸಿಡಿಲು ಬಡಿಯಿತು.

ದೇವಿಕಾ ಆಕೆಯ ಮುಖ ಕಂಡವಳಲ್ಲ. ದನಿ ಮಾತ್ರ ಗೊತ್ತಿತ್ತು. ಗುಂಪಿನಲ್ಲಿ ಉಳಿದವರು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದರೆ ವಿರುಪಮ್ಮ ಪ್ರತಿ ಸಲವೂ ತಿರುಗಿ ಮಾತಾಡುತ್ತಿದ್ದಳು: “ಆತ್ರೀ ಮೇಡಮ್ಮಾ, ಮುಚ್ಚತೀವ್ರಿ. ನೀವೂ ಜ್ವಾಕಿ.” ಆ ದಿನವೂ ಹಾಗೇ ಹೇಳಿದ್ದಳು, ಹಿಂದೆ ತಾಡಪತ್ರಿ ಪಟಪಟ ಬಡಿಯುವ ಸದ್ದಿತ್ತು. ಆ ತುಣುಕು ದೇವಿಕಾಳ ಫೋನಿನಲ್ಲಿ ಇನ್ನೂ ಇತ್ತು. ಅಳಿಸಿರಲಿಲ್ಲ, ಮತ್ತೆ ಕೇಳಿಯೂ ಇರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹೊಸ ಸಂದೇಶಕ್ಕೆಂದು ಫೋನನ್ನು ಬಾಯಿಯ ಹತ್ತಿರ ಹಿಡಿದರೆ ಸಾಕು, ಎಲ್ಲೋ ಆ ಪಟಪಟ ಶುರುವಾಗುತ್ತಿತ್ತು. ಮೊದಮೊದಲು ಫ್ಯಾನಿನ ಸದ್ದೆಂದು ಅದನ್ನು ಆರಿಸಿ ನೋಡಿದ್ದಳು. ಆರಿಸಿದ ಮೇಲೆ ಸದ್ದು ಇನ್ನೂ ನಿಚ್ಚಳವಾಗಿ ಕೇಳಿತ್ತು.

ಈ ಹೊತ್ತು ಬೆಳಿಗ್ಗೆಯೇ ಸಂಡೂರು ಕಡೆಯ ಯಶವಂತನಗರದಿಂದ ಯಲ್ಲೇಶ್ ಫೋನ್ ಮಾಡಿದ. ಗಣಿ ಲಾರಿ ಓಡಿಸುವವನು. ಗುಡ್ಡದ ಮೇಲಿನ ಆಕಾಶವನ್ನು ಅವಳಿಗೆ ವರದಿ ಮಾಡುವುದು ಅವನೇ ಹಚ್ಚಿಕೊಂಡ ಚಟ.

“ಮೇಡಂ, ಗುಡ್ಡದ ಮ್ಯಾಲ ಬೆಳ್ಳಗ ಎದ್ದೈತ್ರಿ. ಹೂಕೋಸಿನಂಗ ಮ್ಯಾಕ ಮ್ಯಾಕ ಹೊಂಟೈತಿ.”

“ಇಷ್ಟು ಜಲ್ದಿನಾ? ಗಾಳಿ ಹೆಂಗೈತಿ?”

“ಉಸುರಾಡವಲ್ದು. ಲಾರಿ ಕ್ಯಾಬಿನ್‌ನ್ಯಾಗ ನಾನು ಬೆಂದ ಬದನಿಕಾಯಿ ಆಗೀನಿ.”

ಗುಡ್ಡ ಮೊದಲು ಬಿಸಿಯೇರುತ್ತದೆ, ಮೋಡ ಅಲ್ಲಿ ಎದ್ದು ಹೊಸಪೇಟೆಯನ್ನು ದಾಟಿ ಹೊಳೆಯ ಕಡೆ ಇಳಿಯುತ್ತದೆ. ಕಂಪ್ಲಿಗೆ ಬರುವಾಗ ಸಂಜೆಯ ಹೊತ್ತು. ಅಲ್ಲಿ ಈಗ ಆಕಾಶ ತೊಳೆದಿಟ್ಟ ತಟ್ಟೆಯಂತಿರುತ್ತದೆ. ಈಗಲೇ ಸಂದೇಶ ಕಳಿಸಿದರೆ ಯಾರೂ ಭತ್ತ ಮುಟ್ಟುವುದಿಲ್ಲ. ಬಿಸಿಲಲ್ಲಿ ಹಸಿ ಭತ್ತ ಮುಚ್ಚಿದರೆ ಬೆವರಿ ಮುಗ್ಗಲು ವಾಸನೆ ಹಿಡಿಯುತ್ತದೆ. ಹೀಗಾಗಿ ಕಾಲುವೆ ದಂಡೆಯ ಹುಣಸೆಮರದ ಮೇಲೆ ಕಪ್ಪು ಕಂಡಮೇಲೆಯೇ ತಾಡಪತ್ರಿಗೆ ಕೈ ಹಾಕುವುದು ಆ ರಸ್ತೆಯ ರೂಢಿ. ಕಪ್ಪು ಕಂಡಮೇಲೆ ಕಳಿಸಿದರೆ ಹೋದ ವರ್ಷದಂತೆ ಊರಿಗೆ ಊರೇ ಆ ಮೋಡದ ಕೆಳಗಿರುತ್ತದೆ. ಮನೆಯೊಳಗೇ ಇರಿ ಎಂದು ಬೇಡಿಕೊಂಡರೂ ಅವರು ಕೇಳುವುದು ಮಳೆ ಎಂಬ ಒಂದೇ ಶಬ್ದವನ್ನು.

ತಾನೇ ಹೋಗಿ ಹೇಳಿಬರುತ್ತೇನೆ ಎಂದದ್ದಕ್ಕೆ, “ಸಂದೇಶ ಕಳಿಸೋದು ನಮ್ಮ ಕೆಲಸ, ಓಡಾಡೋದಲ್ಲ” ಎಂದರು ಮೇಲಿನವರು. ದೇವಿಕಾ ಹೂಂ ಎಂದು, ನೀರಿನ ಬಾಟಲಿ ತುಂಬಿಕೊಂಡು ಕಂಪ್ಲಿ ಬಸ್ಸು ಹತ್ತಿದಳು.

ಆ ಊರಿನಲ್ಲಿ ಇಳಿದಾಗ ಕಾಲುವೆಯ ರಸ್ತೆ ಕುದಿಯುತ್ತಿತ್ತು. ಅರ್ಧ ರಸ್ತೆಯನ್ನು ಗಾಡಿಗಳಿಗೆ ಬಿಟ್ಟು ಉಳಿದರ್ಧದ ಉದ್ದಕ್ಕೂ ಭತ್ತ ಹಾಸಿತ್ತು. ಯಾರ ಪಾಲು ಎಲ್ಲಿಂದ ಎಲ್ಲಿಗೆ ಎನ್ನುವುದಕ್ಕೆ ಅಂಚಿನಲ್ಲಿ ಕಲ್ಲುಗಳು. ಅಪ್ಪಂದಿರ ಕಾಲದಿಂದ ನಡೆದುಬಂದ ಪಾಲುಗಳು. ಹೆಂಗಸರು ಭತ್ತದೊಳಗೆ ಕಾಲು ಎಳೆಯುತ್ತ ನಡೆದು ಅದನ್ನು ತಿರುವುತ್ತಿದ್ದರು. ದೂರದಲ್ಲಿ, ಕಾವಿಗೆ ರಸ್ತೆ ನೀರಿನಂತೆ ಹೊಳೆಯುವ ಕಡೆ, ಇನ್ನೊಬ್ಬಳು ಹಾಗೇ ಕಾಲೆಳೆಯುತ್ತ ಅತ್ತಿಂದಿತ್ತ ನಡೆಯುತ್ತಿದ್ದುದು ದೇವಿಕಾಗೆ ಕಂಡಿತು. ಹತ್ತಿರ ಹೋದಂತೆ ಹೊಳಪು ಹಿಂದೆ ಸರಿಯಿತು. ಅಲ್ಲಿ ಹೆಂಗಸೂ ಇರಲಿಲ್ಲ, ಭತ್ತವೂ ಇರಲಿಲ್ಲ. ಎರಡು ಪಾಲುಗಳ ನಡುವೆ ಒಂದು ತಾಡಪತ್ರಿಯಷ್ಟು ರಸ್ತೆ ಬರಿದಾಗಿತ್ತು. ಪಕ್ಕದ ಬೇವಿನ ನೆರಳಲ್ಲಿ ಒಬ್ಬ ನಡುವಯಸ್ಸಿನವನು, ಮಡಿಸಿದ ನೀಲಿ ತಾಡಪತ್ರಿಯ ಮೇಲೆ ಕೂತಿದ್ದ.

ಅದು ಯಾರ ಪಾಲೆಂದು ಕೇಳಬೇಕಾಗಿರಲಿಲ್ಲ.

“ಯಾರಬೇ ಇದು? ಮಳಿ ಮೇಡಮ್ಮಲ್ಲ?” ದೇವಿಕಾ ನಮಸ್ಕಾರ ಎಂದ ದನಿ ಕೇಳಿ ಪಕ್ಕದ ಪಾಲಿನ ಎರ್ರೆಮ್ಮ ಸೊಂಟದ ಮೇಲೆ ಕೈಯಿಟ್ಟಳು. ರಸ್ತೆಗೆಲ್ಲ ಹಿರಿಯಳು, ಬಾಯಿಗೂ ಹಿರಿಯಳು. “ಫೋನಿನ್ಯಾಗ ಒದರೋದು ಸಾಲದು ಅಂತ ಬಿಸಲಾಗ ನಡಕೊಂಡು ಬಂದಾಳ.”

ದೇವಿಕಾ ಬಂದ ವಿಷಯ ಹೇಳಿದಾಗ ಎರ್ರೆಮ್ಮನ ಅಳಿಯ ಹುಲಿಗೇಶ್ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ. “ಮೋಡ ಎಲ್ಲೈತ್ರಿ ಮೇಡಂ? ಬ್ಯಾಗಿನ್ಯಾಗ ತಂದೀರೇನು?”

ಎಲ್ಲರೂ ನಕ್ಕರು. ದೇವಿಕಾಳಿಗೂ ನಗು ಬಂದಂತಾಗಿ, ಬರಲಿಲ್ಲ. “ಸಂಡೂರ ಗುಡ್ಡದ ಮ್ಯಾಲೈತಿ ಅಣ್ಣಾ. ಸಂಜಿಗೆ ಇಲ್ಲಿಗೆ ಬರೋ ಸಾಧ್ಯತೆ...”

“ಬರಲಿ ಬಿಡ್ರಿ. ಬಂದಾಗ ಮುಚ್ಚತೀವಿ.”

“ಬಂದಾಗ ಬ್ಯಾಡ್ರಿ. ಬಂದಾಗ ಒಬ್ಬರೂ ರಸ್ತಿ ಮ್ಯಾಲ ಇರಬಾರದು. ಅದಕ್ಕ ಈಗ.”

“ಈಗ ಮುಚ್ಚಿದ್ರ ಬೆವತು ಮುಗ್ಗಾಗತೈತಿ ತಂಗಿ” ಎಂದಳು ಎರ್ರೆಮ್ಮ. “ಮಿಲ್ಲಿನಾವ ಮೂಸಿ ನೋಡಿ, ಕೋಳಿಗೆ ಹಾಕಬೇ ಅಂತಾನ. ನಿಮ್ಮ ಮನ್ಯಾಗ ಎಷ್ಟು ಕೋಳಿ ಅದಾವು?”

ಮತ್ತೆ ನಗು. ನಗುವಾಗ ಎಲ್ಲರೂ ಆ ಬರಿಯ ಜಾಗವೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು. ದೇವಿಕಾ ಬೇವಿನ ಕಡೆ ನಡೆದಳು. ಅಲ್ಲಿ ಕೂತಿದ್ದವನೇ ಮೊದಲು ಮಾತಾಡಿದ. ವಿರುಪಮ್ಮನ ಗಂಡ, ಮೂಕಣ್ಣ.

“ದನಿ ಗುರುತು ಸಿಕ್ತು. ಕುಂದ್ರಿ.” ಸರಿದು ಜಾಗ ಕೊಟ್ಟ. “ಆಕಿ ನಿಮ್ಮ ಮಾತು ಅಂದ್ರ ಭಾಳ ನಂಬತಿದ್ಲು. ಮನ್ಯಾಗ ನನ್ನ ಮಾತಿಗೆ ಅಷ್ಟು ಬೆಲಿ ಇರಲಿಲ್ಲ ನೋಡ್ರಿ.”

“ಕಾಕಾ, ನಾನು...”

“ಹೊಲ ಈ ವರ್ಷ ಬ್ಯಾರೇರಿಗೆ ಕೊಟ್ಟೀನಿ. ಭತ್ತ ಇಲ್ಲ. ಆದ್ರೂ ಬಂದು ಕುಂದ್ರತೀನಿ. ಮೋಡ ಆದ್ರಂತೂ ಕುಂದ್ರಲೇಬೇಕು. ಆಕಿ ಒಬ್ಬಾಕಿನ ಮೂಲಿ ಹಿಡಕೊಂಡು ನಿಂತಿರ್ತಾಳ ಅನಸ್ತೈತಿ.” ಅವನ ಬೆರಳು ತಾಡಪತ್ರಿಯ ಮೂಲೆಯಲ್ಲಿ ಸುಟ್ಟು ತೂತಾದ ಜಾಗವನ್ನು ಸುತ್ತುತ್ತಿತ್ತು. “ಇವತ್ತು ಬರತೈತೇನು?”

ಸಾಧ್ಯತೆ ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂತು. ದೇವಿಕಾ ಅದನ್ನು ನುಂಗಿದಳು.

“ಬರತೈತಿ, ಕಾಕಾ.”

“ಖರೇ?”

“ಖರೇ.”

ಮೂಕಣ್ಣ ಎದ್ದ. ತಾಡಪತ್ರಿ ಬಿಚ್ಚಿ, ಆ ಸುಡು ಬಿಸಿಲಲ್ಲಿ, ಏನೂ ಇಲ್ಲದ ಟಾರಿನ ಮೇಲೆ ಹಾಸಿದ. ಅಂಚಿನ ಕಲ್ಲುಗಳನ್ನು ಒಂದೊಂದಾಗಿ ತಂದು ಸುತ್ತಲೂ ಇಟ್ಟ. ಒಂದು ಕಡೆ ಮಡಿಕೆ ಕಂಡಿತೆಂದು ಕಲ್ಲು ತೆಗೆದು, ಎಳೆದು ನೇರ ಮಾಡಿ ಮತ್ತೆ ಇಟ್ಟ. ರಸ್ತೆಯ ಮೇಲೆ ಕಾಲೆಳೆಯುವ ಸರಸರ ಸದ್ದು ನಿಂತುಹೋಗಿತ್ತು.

ಎರ್ರೆಮ್ಮ ಸೆರಗು ಬಿಗಿದು ಸಿಕ್ಕಿಸಿಕೊಂಡಳು. “ಏನ್ ನೋಡಾಕ ಹತ್ತೀರಿ ಬಾಯಿ ತಕ್ಕೊಂಡು? ಆತ ಇಲ್ಲದ ಭತ್ತ ಮುಚ್ಚತಾನ. ಇದ್ದದ್ದು ಮುಚ್ಚಾಕ ನಿಮಗೇನು ಧಾಡಿ? ಲೇ ಹುಲಿಗ್ಯಾ, ಹಲಗಿ ತಾ!”

ಹಲಗೆಗೆ ಹಗ್ಗ ಕಟ್ಟಿ ಎಳೆದು ಭತ್ತವನ್ನು ರಾಶಿ ಮಾಡತೊಡಗಿದರು. ಒಂದು ಹಗ್ಗದ ತುದಿ ದೇವಿಕಾಳ ಕೈಗೂ ಬಂತು. ಅಂಗೈ ಉರಿಯುವವರೆಗೆ ಎಳೆದಳು. ಎಲ್ಲ ರಾಶಿಗಳೂ ಮುಚ್ಚಿದಾಗ ಆಕಾಶದಲ್ಲಿ ಒಂದು ಚೂರು ಬಿಳಿ ಕೂಡ ಇರಲಿಲ್ಲ.

ಆಮೇಲಿನ ಹೊತ್ತು ಅವಳ ಪಾಲಿಗೆ ಎಲ್ಲಕ್ಕಿಂತ ಕಷ್ಟದ್ದಾಯಿತು. ಬಿಸಿಲು ಹಾಗೇ ನಿಂತಿತ್ತು. ಹುಲಿಗೇಶ್ ತಾಡಪತ್ರಿಯ ಅಂಚು ಎತ್ತಿ ಕೈ ತೂರಿಸಿ, “ಒಳಗ ಇಡ್ಲಿ ಬೇಯಿಸಬೌದು ನೋಡ್ರಿ ಮೇಡಂ” ಎಂದ. ಯಾರೂ ನಗಲಿಲ್ಲ. ಇಬ್ಬರು ಗೊಣಗುತ್ತ ಕಲ್ಲು ತೆಗೆಯಲು ಹೊರಟಾಗ ಎರ್ರೆಮ್ಮ ಗದರಿ ಕೂರಿಸಿದಳು. ದೇವಿಕಾ ಫೋನಿನ ಪರದೆ ನೋಡುವಳು, ತೆಂಕಣ ದಿಕ್ಕು ನೋಡುವಳು. ಮಳೆ ಬಾರದಿದ್ದರೆ ಇವರ ಭತ್ತ ಕೆಡುತ್ತದೆ. ತನ್ನ ಮಾತನ್ನು ಇನ್ನೆಂದೂ ಯಾರೂ ಕೇಳುವುದಿಲ್ಲ. ಬಂದರೆ? ಬರಲೆಂದು ತಾನು ಹಾರೈಸುತ್ತಿದ್ದೇನೆ ಎಂದು ಹೊಳೆದು ಅವಳ ಮೈ ತಣ್ಣಗಾಯಿತು.

ಹಾಗೆ ತಣ್ಣಗಾದದ್ದು ತನ್ನ ಮೈಯಷ್ಟೇ ಅಲ್ಲ ಎಂದು ಸ್ವಲ್ಪ ತಡವಾಗಿ ತಿಳಿಯಿತು. ಬೇವಿನ ಎಲೆಗಳು ತಿರುಗಿದವು. ಮಣ್ಣಿನ ವಾಸನೆ ಬಂತು. ಹುಣಸೆಮರದ ಹಿಂದೆ ಆಕಾಶ ಕಾದ ಹಂಚಿನ ಬಣ್ಣಕ್ಕೆ ತಿರುಗಿತ್ತು.

“ಎಲ್ಲಾರೂ ಸಾಲಿಯೊಳಗ ನಡೀರಿ! ಮರದ ಕೆಳಗ ಯಾರೂ ನಿಂದ್ರಬ್ಯಾಡ್ರಿ!”

ಈ ಸಲ ಮುಚ್ಚಲು ಏನೂ ಉಳಿದಿರಲಿಲ್ಲ. ಎಲ್ಲರೂ ರಸ್ತೆ ಪಕ್ಕದ ಶಾಲೆಯ ಕೋಣೆಗೆ ಸೇರಿದರು. ದೇವಿಕಾ ತಲೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಮೂಕಣ್ಣನೂ ಇದ್ದ, ಗೋಡೆಗೆ ಒರಗಿ.

ಗಾಳಿ ಮೊದಲು ಬಂತು, ಹಿಂದೆಯೇ ಮಳೆ. ತೆರೆದ ಬಾಗಿಲಿನಿಂದ ರಸ್ತೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಅಳಿಸಿಹೋಗುತ್ತಿತ್ತು. ಗುಡುಗಿಗೆ ಹೆಂಚು ಅದುರಿದವು. ಆಗ ಕೇಳಿಸಿತು, ಪಟಪಟ. ದೇವಿಕಾ ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡಳು. ಸುತ್ತಲಿದ್ದವರ ಮುಖ ನೋಡಿದಳು. ಅವರಿಗೂ ಕೇಳಿಸಿತ್ತು.

ನೀಲಿ ತಾಡಪತ್ರಿಯ ಒಂದು ಮೂಲೆ, ಆ ಸುಟ್ಟ ಮೂಲೆಯೇ, ಕಲ್ಲಿನಿಂದ ಬಿಡಿಸಿಕೊಂಡು ಎದ್ದೆದ್ದು ಬಡಿಯುತ್ತಿತ್ತು.

ಮೂಕಣ್ಣ ನೇರವಾಗಿ ಬಾಗಿಲಿಗೆ ಬಂದ. “ಸರೀರಿ. ಮೂಲಿ ಬಿಚ್ಚೇತಿ.”

“ಮೂಕಣ್ಣಾ, ಹುಚ್ಚಪ್ಪಾ, ಕುಂದ್ರೋ!” ಎರ್ರೆಮ್ಮ ಕೂಗಿದಳು. ಅವನಿಗೆ ಅದು ಕೇಳಿಸಿದಂತಿರಲಿಲ್ಲ. ಹುಲಿಗೇಶ್ ತೋಳು ಹಿಡಿದ, ಅವನು ಕೊಡವಿಕೊಂಡ. ಬಾಗಿಲಿಗೂ ಅವನಿಗೂ ನಡುವೆ ದೇವಿಕಾ ಒಬ್ಬಳೇ ಇದ್ದಳು. ತಾಡಪತ್ರಿಯ ಕೆಳಗೆ ಏನೂ ಇಲ್ಲ ಎಂದು ಹೇಳಬಹುದಿತ್ತು. ಅದು ನಿಜ. ಆದರೆ ಆ ನಿಜಕ್ಕೆ ಈ ಮನುಷ್ಯ ನಿಲ್ಲುವುದಿಲ್ಲ.

“ಆಕಿ ಹಿಡಕೊಂಡಾಳ, ಕಾಕಾ” ಎಂದಳು. “ಬಿಡ್ರಿ. ಆಕಿ ಹಿಡಕೊಂಡಾಳ.”

ಅವನು ಅವಳ ಕಣ್ಣನ್ನೇ ನೋಡಿದ. “ಕಾಣತಾಳ ನಿಮಗ?”

ದೇವಿಕಾ ಹೊರಗೆ ತಿರುಗಿದಳು. ಅದೇ ಗಳಿಗೆಗೆ ಜಗತ್ತು ಬೆಳ್ಳಗಾಯಿತು, ಸದ್ದು ಬೆಳಕಿನ ಜೊತೆಗೇ ಬಂತು, ನೆಲ ಒದ್ದಂತಾಯಿತು. ಆ ಬಿಳುಪಿನಲ್ಲಿ ರಸ್ತೆಯ ಮೇಲೆ ಕಂಡದ್ದೇನೆಂದು ಅವಳು ಮುಂದೆ ಯಾರಿಗೂ ಹೇಳಲಿಲ್ಲ.

“ಕಾಣತಾಳ” ಎಂದಳು.

ಮೂಕಣ್ಣ ಹೊಸ್ತಿಲ ಒಳಗೇ ಕುಸಿದು ಕೂತ. ಕಿವಿಯ ಗುಂಯ್ ಸದ್ದು ಇಳಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಮಳೆ ಹೊಯ್ಯುತ್ತಿತ್ತು, ಗಾಳಿ ಬೀಸುತ್ತಿತ್ತು, ಪಟಪಟ ನಿಂತಿತ್ತು.

ಇನ್ನೂ ಬೆಳಕಿರುವಾಗಲೇ ಮಳೆ ಹೊಳೆ ದಾಟಿ ಆಚೆ ಹೋಯಿತು. ರಸ್ತೆಯಿಂದ ಹಬೆ ಏಳುತ್ತಿತ್ತು. ಹುಣಸೆಮರ ನಡುವೆ ಸೀಳಿ ಹೊಗೆಯಾಡುತ್ತಿತ್ತು. ಮೂಕಣ್ಣನ ತಾಡಪತ್ರಿಯ ಮೂಲೆಗಿಟ್ಟ ಕಲ್ಲು ಉರುಳಿ ಚರಂಡಿಯಲ್ಲಿ ಬಿದ್ದಿತ್ತು. ಮೂಲೆ ಮಾತ್ರ ಒತ್ತಿ ಹಿಡಿದಂತೆ ಟಾರಿಗೆ ಅಂಟಿಕೊಂಡಿತ್ತು. ಒದ್ದೆ ಪ್ಲಾಸ್ಟಿಕ್ ಹಾಗೆ ಅಂಟುತ್ತದೆ ಎಂದು ದೇವಿಕಾ ತನಗೇ ಹೇಳಿಕೊಂಡಳು.

ಅವನು ಅದನ್ನು ಎತ್ತಿದ. ಕಪ್ಪಗೆ ತೊಯ್ದ ರಸ್ತೆಯಲ್ಲಿ ಅಷ್ಟು ಜಾಗ ಮಾತ್ರ ಒಣಗಿಯೇ ಉಳಿದು ಬೂದಿಬಣ್ಣಕ್ಕಿತ್ತು. ಅವನು ಚಪ್ಪಲಿ ಬಿಟ್ಟು ಅದರ ಮೇಲೆ ಬರಿಗಾಲಿಟ್ಟ.

“ಇನ್ನಾ ಬೆಚ್ಚಗೈತಿ” ಎಂದ.

ಎರ್ರೆಮ್ಮ ಮೂಗು ಒರೆಸಿಕೊಂಡು ತನ್ನ ರಾಶಿಯ ಕಡೆ ಹೊರಟಳು.

ಮೋಡ ಈಗ ಹೊಳೆಯಾಚೆಯ ಊರುಗಳ ಮೇಲೆ ಹೊರಟಿತ್ತು. ದೇವಿಕಾ ದೂರ ಸರಿದು ನಿಂತು ಫೋನನ್ನು ಬಾಯಿಯ ಹತ್ತಿರ ಹಿಡಿದಳು. ತಲೆಯೊಳಗೆ ಯಾವ ಸದ್ದೂ ಇರಲಿಲ್ಲ. “ಮಳಿ ಬರತೈತಿ” ಎಂದಳು. “ಭತ್ತ ಹೋದ್ರ ಹೋಗಲಿ, ಹೊರಗ ಬರಬ್ಯಾಡ್ರಿ. ಒಳಗ ಇರ್ರಿ.” ಕಳಿಸುವ ಮೊದಲು, ಯಾವಾಗಲೂ ಮಾಡುವಂತೆ, ಒಮ್ಮೆ ಕೇಳಿಸಿಕೊಂಡಳು.

ತನ್ನ ದನಿಯ ಹಿಂದೆ ತಾಡಪತ್ರಿ ಪಟಪಟ ಬಡಿಯುತ್ತಿತ್ತು.

ಅವಳು ರಸ್ತೆಯುದ್ದಕ್ಕೂ ನೋಡಿದಳು. ಎಲ್ಲ ತಾಡಪತ್ರಿಗಳೂ ನೀರು ತುಂಬಿ ಭಾರವಾಗಿ ಮಲಗಿದ್ದವು. ಗಾಳಿ ಇರಲಿಲ್ಲ. ಮೂಕಣ್ಣ ತನ್ನದನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡಿದ್ದ.

ಅಳಿಸಿ ಮತ್ತೊಮ್ಮೆ ಹೇಳಲು ಹೊತ್ತಿರಲಿಲ್ಲ. ಹಾಗೇ ಕಳಿಸಿದಳು.