ಚರ್ಮದಡಿಯ ದಾನ

ಅಕಿಲಿನಾ ಅಜ್ಜಿ ತನ್ನ ತಿಥಿಯೂಟವನ್ನು ತಾನೇ ಹಾಕಿಸಲು ಹೊರಟಾಗ ಊರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಜಿಯು ನದಿಯ ಈ ದಡದಲ್ಲಿ ಬುದ್ಧಿಯಿದ್ದವರೆಲ್ಲ ಹಾಗೆಯೇ ಮಾಡುತ್ತಾರೆ. ಸತ್ತ ಮೇಲೆ ಮಕ್ಕಳು ಹಾಕುತ್ತಾರೋ ಕೈಯೆತ್ತುತ್ತಾರೋ, ಯಾರು ಕಂಡರು? ಇಲ್ಲಿ ಕೈಯಾರೆ ಕೊಟ್ಟದ್ದೇ ಅಲ್ಲಿ ಸಿಗುವುದು: ಕುರ್ಚಿ ಕೊಟ್ಟರೆ ಕುರ್ಚಿ, ಕಂಬಳಿ ಕೊಟ್ಟರೆ ಕಂಬಳಿ. ಇಸಕೊಂಡವರು ಅದನ್ನು ಕೊಟ್ಟವರ ಕಣ್ಣೆದುರೇ ಬಳಸಬೇಕು, ಅಷ್ಟೇ.

ಊಟ ಭಾನುವಾರಕ್ಕೆ. ಶುಕ್ರವಾರವೇ ಅಜ್ಜಿಗೆ ಗುಟುಕು ನೀರೂ ಗಂಟಲಲ್ಲಿ ಇಳಿಯದಾಗಿ, ಮಾತು ಎಲ್ಲೆಲ್ಲೋ ಹೋಗತೊಡಗಿತು. ಮನೆಮನೆಗೆ ಬರುವ ನರ್ಸ್ ಮರಿನೇಲಾ ಅವಳ ಬೆನ್ನಿನ ಮೇಲ್ಭಾಗದಲ್ಲಿ, ಕಿತ್ತುಹಾಕಲು ಕೈಗೆಟುಕದ ಕಡೆ, ಚರ್ಮದಡಿಗೆ ಸಣ್ಣ ಸೂಜಿಯಿಟ್ಟು ಉಪ್ಪುನೀರಿನ ಚೀಲ ತೂಗುಹಾಕಿದಳು. ಹನಿಹನಿಯಾಗಿ ಹೋದದ್ದನ್ನು ಮೈ ಹೀರಿಕೊಂಡಿತು. ಬೆಳಗಾಗುವಷ್ಟರಲ್ಲಿ ಅಜ್ಜಿಗೆ ಬುದ್ಧಿ ಮರಳಿತು. ಸ್ವಲ್ಪ ಜಾಸ್ತಿಯೇ ಮರಳಿತು.

ಎರಡನೆಯ ಚೀಲ ತಂದರೆ ಅಜ್ಜಿ ಸೂಜಿಯ ಮೇಲೆಯೇ ಅಂಗಾತ ಮಲಗಿ ಹಟ ಹಿಡಿದಳು.

“ಮೊದ್ಲು ಇದನ್ನ ಯಾರಿಗಾದ್ರೂ ದಾನ ಕೊಡ್ಬೇಕು. ಆಮೇಲೆ ನಂಗೆ.”

“ಅತ್ತೆ, ನೀರಿನ ದಾನಕ್ಕೆ ಹೂಜಿ, ಲೋಟ ಎಲ್ಲಾ ತಂದಿಟ್ಟಿದೀನಲ್ಲ,” ಎಂದಳು ಸೊಸೆ ವೇತಾ.

“ಲೋಟ ತಗೊಂಡು ಅಲ್ಲಿ ಏನ್ ಮಾಡ್ಲೇ? ಅಲ್ಲಿಗೂ ಇದೇ ಗಂಟಲು ತಾನೇ ಬರೋದು? ನಾನು ಹೆಂಗೆ ಕುಡೀತೀನೋ ಹಂಗೇ ಕೊಡ್ಬೇಕು!”

ಮರಿನೇಲಾ ಚೀಲ ಕೆಳಗಿಟ್ಟು ಫೋನ್ ಕೈಗೆತ್ತಿಕೊಂಡಳು. ಪಾದ್ರಿಯನ್ನು ಕೇಳಿದರೆ, ಸೂಜಿ ಬೇಡವೆಂದು ಶಾಸ್ತ್ರದಲ್ಲೇನೂ ಹೇಳಿಲ್ಲ ಎಂದು ಜಾರಿಕೊಂಡರು. ಡಾಕ್ಟರು, “ಒಂದು ಸಿರಿಂಜು ಉಪ್ಪುನೀರಿಗೆ ಯಾರೂ ಸಾಯಲ್ಲ. ನೀನು ನನ್ನ ಕೇಳ್ಲೇ ಇಲ್ಲ ಅಂದ್ಕೋ,” ಎಂದರು. ಇವತ್ತು ನೀರು ಹೋಗದಿದ್ದರೆ, ನಾಳೆ ನಡೆಯುವುದು ಯಾರ ಊಟವೆಂದೂ ಅಜ್ಜಿಗೆ ತಿಳಿಯುವುದಿಲ್ಲ.

ಅಂಗಳದಲ್ಲಿ ನೆರೆಹೊರೆಯವರು ನಾಳೆಯ ಊಟಕ್ಕೆ ಎಲೆಕೋಸಿನ ಎಸಳಿನಲ್ಲಿ ಮಾಂಸ ಸುತ್ತುತ್ತಿದ್ದರು. ಯಾರಾದರೂ ಚುಚ್ಚಿಸಿಕೊಳ್ಳುತ್ತೀರಾ ಎಂದು ವೇತಾ ಹೋಗಿ ಕೇಳಿದಳು. ಒಬ್ಬಳಿಗೆ ಶುಗರ್ರು, ಇನ್ನೊಬ್ಬಳಿಗೆ ಸೂಜಿ ಕಂಡರೆ ತಲೆಸುತ್ತು. “ಪ್ಲಮ್ ಸಾರಾಯಿ ತುಂಬ್ಸೋದಾದ್ರೆ ಎರಡೂ ತೋಳು ಕೊಡ್ತೀನಿ,” ಎಂದ ಸೌದೆ ಒಡೆಯುತ್ತಿದ್ದವನು.

“ಹೋಗ್ಲಿ ಅಜ್ಜಿ, ನಾನೇ ಚುಚ್ಚಿಸ್ಕೊಳ್ತೀನಿ,” ಎಂದಳು ಮರಿನೇಲಾ.

“ನೀನು ಸಂಬಳಕ್ಕೆ ಬಂದವಳು. ಸಂಬಳದೋರಿಗೆ ಕೊಟ್ರೆ ದಾನ ಆಗ್ತದೇನೆ?”

ಅಷ್ಟರಲ್ಲಿ ಪಕ್ಕದ ಮನೆಯ ತಿಂಕಾ ಬಾಗಿಲಲ್ಲಿ ನಿಂತಿದ್ದಳು. ತನ್ನ ಬಾತುಕೋಳಿಯನ್ನು ಅಕಿಲಿನಾ ಕದ್ದು ಸಾರು ಮಾಡಿದಳೆಂದು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈ ಹೊಸ್ತಿಲು ತುಳಿದದ್ದು ಆಮೇಲೆ ಇದೇ ಮೊದಲು.

“ಊರಲ್ಲಿ ಒಬ್ರೂ ನನ್ನ ಕೈಲಿ ನೀರು ತಗೊಳ್ಲಿಲ್ಲ ಅಂತ ಇವಳು ಮೇಲೆ ಹೋಗಿ ಚಾಡಿ ಹೇಳ್ಬೇಕಾ? ಚುಚ್ಚವ್ವ,” ಎಂದು ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿದಳು.

ಮರಿನೇಲಾ ಉಪ್ಪುನೀರು ತುಂಬಿದ ಸಿರಿಂಜನ್ನು ಅಜ್ಜಿ ಮುಟ್ಟಿ ಕೊಟ್ಟಳು. ಮರಿನೇಲಾ ಚುಚ್ಚಿದಳು. ತಿಂಕಾಳ ತೋಳು ಸಣ್ಣ ಬನ್ನಿನಂತೆ ಉಬ್ಬಿತು. ದಾನ ತೆಗೆದುಕೊಂಡವರು ಒಂದು ಮಾತು ಹೇಳಲೇಬೇಕು. ತಿಂಕಾ ಹಲ್ಲು ಕಚ್ಚಿಕೊಂಡೇ ಹೇಳಿದಳು:

“ದೇವ್ರು ನಿನ್ನ ಕ್ಷಮಿಸ್ಲಿ. ಬಾತುಕೋಳೀದು ಬಿಟ್ಟು.”

ಅಜ್ಜಿ ಬೆರಳಿಂದ ಉಬ್ಬನ್ನು ಒತ್ತಿ ನೋಡಿದಳು. “ಇನ್ನೂ ಹಂಗೇ ಐತಲ್ಲೇ. ಪೂರ್ತಿ ಕುಡಿದು ಹೋಗು. ಕೂತ್ಕೋ.”

ತಿಂಕಾ ಕೂತಳು. ಅಜ್ಜಿ ಅವಳ ಕಡೆಗೆ ಮಗ್ಗುಲಾಗಿ, ನರ್ಸಿಗೆ ಬೆನ್ನು ಕೊಟ್ಟಳು. ಮರಿನೇಲಾ ತಡಮಾಡದೆ ಚೀಲ ಸಿಕ್ಕಿಸಿದಳು. ಹನಿ ಬೀಳತೊಡಗಿದ ಮೇಲೆಯೇ ಅವಳ ಜೀವ ನಿರಾಳವಾಯಿತು.

“ಭಾರಿ ಗಟ್ಟಿ ಇತ್ತು ಕಣೇ,” ಎಂದಳು ಅಜ್ಜಿ. “ಎಷ್ಟು ಕುದಿಸಿದ್ರೂ ಬೇಯ್ಲಿಲ್ಲ.”

“ಮುದಿ ಬಾತು ಅದು. ಬೆಂದೀತಾ?” ಎಂದಳು ತಿಂಕಾ.

ಒಂದು ಗಂಟೆಯ ಮೇಲೆ ಮರಿನೇಲಾ ಸಾಮಾನು ಕಟ್ಟಿಕೊಂಡು ಬಂದು ತಿಂಕಾಳ ತೋಳು ನೋಡಿದಳು. ಉಬ್ಬಿದ ಗುರುತೂ ಇರಲಿಲ್ಲ. “ಎಲ್ಲಾ ಇಳೀತು ಅಮ್ಮ, ನೀವಿನ್ನು ಹೊರಡಬಹುದು.”

ತಿಂಕಾ ಅಂಗಿಯ ತೋಳನ್ನು ಸರಕ್ಕನೆ ಕೆಳಗೆಳೆದುಕೊಂಡಳು.

“ಎಲ್ಲಿ ಇಳೀತು? ಇನ್ನೂ ಐತೆ. ನೀನು ನಡಿ,” ಎಂದು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.