ಚುಕ್ಕಾಣಿಯ ಮಣೆ

ಆ ಬೆಳಿಗ್ಗೆ ಗಾಳಿ ತಗ್ಗಿತ್ತು. ಮೂರು ದಿನ ಮೊರೆದ ಕಡಲು ಅತ್ತು ದಣಿದ ಕೂಸಿನಂತೆ ಮಲಗಿತ್ತು. ನಮ್ಮೂರು ಕೋಡಿಯ ದಡದ ಮರಳು ಇನ್ನೂ ಒದ್ದೆ. ಆಚಾರಿ ನನ್ನನ್ನು ಹೊಸ ದೋಣಿಯ ಹಿಂತುದಿಯಲ್ಲಿ ಅಡ್ಡಲಾಗಿ ಇಟ್ಟು, ಎರಡೂ ಬದಿಗೆ ಮೊಳೆ ಬಡಿದ. ನಾನು ಹುಟ್ಟಿದ್ದು ಹೀಗೆ. ಅದಕ್ಕೆ ಮೊದಲು ಹೆಬ್ಬಲಸಿನ ಮರದೊಳಗಿದ್ದೆ. ಆಗ ಮರವಿತ್ತು, ನಾನಿರಲಿಲ್ಲ.

ನಾನು ಒಂದು ಮಣೆ, ಚುಕ್ಕಾಣಿ ಹಿಡಿಯುವವರು ಕೂರುವ ಮಣೆ. ಲೋಕವನ್ನು ಕಂಡದ್ದೆಲ್ಲ ಕೆಳಗಿನಿಂದಲೇ.

ದೋಣಿಯ ಯಜಮಾನರು ಹೆರಿಯ ಮೊಗವೀರ ಎಂಬುವರು. ಕಡಲಿಗೆ ಹಾಲೆರೆದು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಅವರ ಬಲಗೈ ಬಚ್ಚ, ಇಪ್ಪತ್ತೈದರ ಆಳು. ಯಜಮಾನರು ಉಂಡ ಮೇಲೆ ಉಣ್ಣುವವನು, ಅವರಿಗಿಂತ ಮೊದಲು ನೀರಿಗಿಳಿಯುವವನು. ದೋಣಿ ದಡಕ್ಕೆ ಬಂದಾಗ ಯಜಮಾನರ ಮಗಳು ಜಲಜ ಓಡಿ ಬಂದು ನನ್ನ ಮೇಲೆ ಕೂತು ಕಾಲಾಡಿಸುತ್ತಿದ್ದಳು.

ಅವಳಿಗೆ ಹತ್ತು ವರ್ಷವಾಗಿದ್ದಾಗ, ಒಂದು ಮಧ್ಯಾಹ್ನ, ಕಡಲು ಇದ್ದಕ್ಕಿದ್ದಂತೆ ಎದ್ದು ನಿಂತಿತು. ಬಲೆ ಚುಕ್ಕಾಣಿಗೆ ಸುತ್ತಿಕೊಂಡಿತು. ಯಜಮಾನರು ಹಿಡಿಯನ್ನು ಬಚ್ಚನ ಕೈಗೆ ಕೊಟ್ಟು, ಹಿಂದಕ್ಕೆ ಬಾಗಿ ಬಲೆ ಬಿಡಿಸಿದರು. ಬಲೆ ಬಿಟ್ಟಿತು, ಅಲೆ ಬಿಡಲಿಲ್ಲ. ನೀರಿನಿಂದ ಅವರು ಕೂಗಿದ್ದು ಒಂದೇ ಮಾತು: "ಚುಕ್ಕಾಣಿ ಬಿಡ್ಬೇಡ!" ಮುಂದೆ ನೀರು ಮೊಗೆಯುತ್ತಿದ್ದ ಐವರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದು ಬಚ್ಚನಿಗೆ, ಮತ್ತೆ ನನಗೆ. ಅವನು ಬಿಡಲಿಲ್ಲ. ಆರು ಜನ ಮನೆ ಸೇರಿದರು.

ಊರು ಬಚ್ಚನನ್ನು ಏನೂ ಅನ್ನಲಿಲ್ಲ. ಜಲಜಳ ಎದೆಯಲ್ಲಿ ಮಾತ್ರ ಮುಳ್ಳು ಉಳಿಯಿತು. ಅಪ್ಪಯ್ಯನ ಹಿಂದೆ ಇವನೇಕೆ ಹಾರಲಿಲ್ಲ? ಬಚ್ಚ ವಾರಕ್ಕೊಮ್ಮೆ ಮೀನು ತಂದು ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ವರ್ಷಗಳುರುಳಿ ದೋಣಿ ಜೀರ್ಣವಾಯಿತು. ಅದನ್ನು ಒಡೆಯುವ ದಿನ ಬಚ್ಚ ತನಗೆ ಬೇಕೆಂದು ಕೇಳಿದ್ದು ನನ್ನೊಬ್ಬನನ್ನೇ. ಅಷ್ಟರಲ್ಲಿ ಇತಿಹಾಸದ ಟೀಚರಾಗಿದ್ದ ಜಲಜ, ಅದು ಅಪ್ಪಯ್ಯ ಕೂತ ಮಣೆ, ನಮ್ಮ ಮನೆಯಲ್ಲೇ ಇರುತ್ತದೆ ಎಂದಳು. "ಅಕ್ಕ್" ಎಂದು, ಆಗಲಿ ಎಂಬಂತೆ ತಲೆಯಾಡಿಸಿ, ಅವನು ನಡೆದುಬಿಟ್ಟ. ನನಗೆ ನಾಲ್ಕು ಕಾಲು ಬಂದವು. ನಾನು ಬರೆಯುವ ಮೇಜಾದೆ.

ನಿವೃತ್ತಿಯಾದ ಮೇಲೆ ಅವಳು ಕಾದಂಬರಿಗೆ ಕೂತಳು. ಸಾವಿರ ವರ್ಷ ಹಿಂದಿನ ವೈಕಿಂಗರ ಕತೆ, ಹಿಮದ ನಾಡಿನ ಕಡಲ ವೀರರದು. ನಾಯಕ ಅಸ್ಮುಂಡ್, ತನ್ನ ಒಡೆಯನಿಗೆ ಜೀವ ಕೊಡುವ ಬಂಟ. ಪ್ರತಿ ಸಲವೂ ಒಡೆಯ ಕಡಲಿಗೆ ಬೀಳುತ್ತಾನೆ, ಅಸ್ಮುಂಡ್ ದೊಡ್ಡ ಮಾತೊಂದನ್ನಾಡಿ ಹಿಂದೆಯೇ ಹಾರುತ್ತಾನೆ. ಪ್ರತಿ ಸಲವೂ ಅವಳು ಹಾಳೆ ಹರಿಯುತ್ತಾಳೆ. ಬಂಟನಿಗೆ ಉಸಿರು ಬರಲೊಲ್ಲದು. ಹೀಗೆ ಮೂರು ವರ್ಷ. ಈ ಸಲವೂ ಬಾರದಿದ್ದರೆ ಎಲ್ಲವನ್ನೂ ಬಚ್ಚಲೊಲೆಗೆ ಹಾಕುವುದೆಂದು ಗಟ್ಟಿ ಮಾಡಿದ್ದಳು.

ಒಂದು ಬೆಳಿಗ್ಗೆ ಆ ಪುಟವನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಬಂಗುಡೆ ಮೀನು ತಂದ ಮುದುಕ ಬಚ್ಚ ಮೆಟ್ಟಿಲ ಬಳಿ ನಿಂತು ಕೇಳಿದ.

"ನಿನ್ನ ಬಂಟ ಹಾರ್ದ, ಸರಿ. ಚುಕ್ಕಾಣಿ ಯಾರ ಕೈಯಗ್ ಕೊಟ್ಟ?"

ಒಡೆಯ ಮುಳುಗುವಾಗ ಚುಕ್ಕಾಣಿ ಯಾರಿಗೆ ಬೇಕು ಎಂದು ಅವಳು ಸಿಡುಕಿದಳು.

"ಇಪ್ಪತ್ತ್ ಜನ ಒಳ್ಗಿದ್ರ್ ಅಂತ ನೀನೇ ಓದಿದ್ಯಲ, ಮಗಾ. ಅವ್ರಿಗೂ ಮಕ್ಳಿಲ್ಯಾ? ಹಾರೂದ್ ಸುಲಭ."

ಪೆನ್ನು ನನ್ನ ಮೇಲೆ ಉರುಳಿತು. ಐವತ್ತಮೂರು ವರ್ಷ ಕೇಳದ್ದನ್ನು ಅವಳು ಅಂದು ಕೇಳಿದಳು.

"ಅಪ್ಪಯ್ಯ ಎಂತಾರೂ ಹೇಳಿದ್ರಾ, ಬಚ್ಚಣ್ಣ?"

ಅವನು ಹೇಳಿದ. ಬಲೆ, ಅಲೆ, ಆ ಒಂದು ಕೂಗು. ಆಮೇಲೆ ಮೀನಿನ ಬುಟ್ಟಿಯನ್ನೇ ನೋಡುತ್ತ, "ನಾನ್ ಹಿಂದ್ ತಿರ್ಗಿ ಕಂಡಿದ್ರೆ ಚುಕ್ಕಾಣಿ ಕೈ ಬಿಡ್ತಿತ್. ಕಾಣ್ಲಿಲ್ಲೆ" ಎಂದ.

ಅವನು ಹೋದ ಮೇಲೆ ಅವಳು ಬರೆದಳು. ಈ ಸಲ ಅಸ್ಮುಂಡ್ ಹಾರಲಿಲ್ಲ, ಮಾತನ್ನೂ ಆಡಲಿಲ್ಲ. ಆ ನಾಡಿನ ಹಡಗಿಗೆ ಚುಕ್ಕಾಣಿ ಬಲಬದಿಗಂತೆ; ಅದನ್ನೇ ಎದೆಗವುಚಿಕೊಂಡು, ಹಿಂದೆ ನೋಡದೆ, ಇಪ್ಪತ್ತು ಜನರನ್ನು ದಡ ಸೇರಿಸಿ, ಒಡೆಯನ ಮಗಳೆದುರು ತಲೆ ತಗ್ಗಿಸಿ ನಿಂತ. ನನ್ನ ಮೇಲೆ ಒಂದು ಹನಿ ಬಿತ್ತು. ಉಪ್ಪುನೀರು ನನಗೆ ಹೊಸದಲ್ಲ. ಆದರೆ ಬಂಟ ಉಸಿರಾಡಿದ್ದನ್ನು ಕೇಳಿದ್ದು ಅಂದೇ.

ಈಗ ನಾನು ಒಂದು ಜಗಲಿಯ ಮೂಲೆಯಲ್ಲಿದ್ದೇನೆ. ಬಿರುಕಿನಲ್ಲಿ ಇರುವೆಗಳು ಸಂಸಾರ ಹೂಡಿವೆ. ಜೊತೆಗೆ ಸಾಯುವುದನ್ನು ಲೋಕ ಹಾಡಿ ಹೊಗಳುತ್ತದೆ. ಹೇಳಿದ ಕೆಲಸ ಮಾಡಿ ಬದುಕಿ ಉಳಿದವನನ್ನು, ದೇವರು ಕಾಣುತ್ತಾನೆ ಎಂದು ನನ್ನ ನಂಬಿಕೆ.

ನಾನು ಇಲ್ಲಿಗೆ ಬಂದ ಸಂಜೆ ಬಚ್ಚ ಬಲೆ ಹೆಣೆಯುತ್ತಿದ್ದ. ಆಚಾರಿಯಿಂದ ನನ್ನ ನಾಲ್ಕೂ ಕಾಲು ಬಿಚ್ಚಿಸಿ, ಜಲಜ ನನ್ನನ್ನು ತಾನೇ ಹೊತ್ತು ತಂದಿದ್ದಳು. ಸೆರಗಿನಿಂದ ಒಮ್ಮೆ ಒರೆಸಿ, ಅವನ ಜಗಲಿಯ ಮೇಲೆ ಮೆಲ್ಲಗೆ ಇಟ್ಟಳು.