ಟ್ಯಾಂಕಿನ ಅಡಿಯ ನೀರು

ಗೋಣಿಬೀಡಿನ ತಿರುವಿನಲ್ಲಿದ್ದ ಸೋಮಶೇಖರಪ್ಪನವರ ಪೆಟ್ರೋಲ್ ಬಂಕಿಗೆ ಮೂವತ್ತೊಂದು ವರ್ಷವಾಗಿತ್ತು. ಅದನ್ನು ಕೆಡವಿ, ಹೊಸ ಟ್ಯಾಂಕುಗಳನ್ನು ಹೂತು, ನಾಲ್ಕು ಪಂಪುಗಳ ದೊಡ್ಡ ಬಂಕು ಕಟ್ಟಬೇಕೆಂದು ಮಗ ಧರ್ಮೇಶ್ ನಕ್ಷೆ ಮಾಡಿಸಿದ್ದ. ಅಕ್ಕಪಕ್ಕದವರ ತಕರಾರಿಲ್ಲವೆಂದು ಸಹಿ ಹಾಕಿಸಿ ತನ್ನಿ ಎಂದು ಪಂಚಾಯಿತಿಯವರು ಹೇಳಿದ್ದರು. ಹಾಗಾಗಿ ೨೦೦೩ರ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವನು ಬಂಕಿನ ಶೆಡ್ಡಿನಲ್ಲಿ ಹತ್ತು ಕುರ್ಚಿ ಹಾಕಿಸಿ, ಕಾಫಿ ಮಾಡಿಸಿ, ನೆರೆಯವರನ್ನು ಕರೆಸಿದ್ದ.

ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದಿದ ಧರ್ಮೇಶ್‌ಗೆ ಯಾವ ಕೆಲಸಕ್ಕೂ ತಯಾರಿಯಿಲ್ಲದೆ ಕೂತು ಅಭ್ಯಾಸವಿರಲಿಲ್ಲ. ಬೆಂಕಿ, ಲಾರಿಗಳ ಶಬ್ದ, ಚರಂಡಿ, ಯಾರು ಏನು ಕೇಳಿದರೂ ಹೇಳಬೇಕಾದ ಉತ್ತರ ಅವನ ಬಳಿ ಇತ್ತು.

ಮೊದಲು ಬಾಯಿ ತೆರೆದವನು ಪಕ್ಕದ ಹೋಟೆಲಿನ ಗುರುವಯ್ಯ. "ನನ್ನ ಒಲೆಗೂ ನಿಮ್ಮ ಗೋಡೆಗೂ ಇಪ್ಪತ್ತೇ ಅಡಿ ಮಾರಾಯ. ನಾನು ದೋಸೆ ಹುಯ್ಯೋ ಹೊತ್ತಿಗೆ ಊರೇ ಹಾರಿ ಹೋದ್ರೆ?"

"ನಿನ್ನ ದೋಸೆ ತಿಂದೂ ಬದುಕಿದೀವಲ್ಲ, ಇನ್ನೆಂತದು ಹೆದರಿಕೆ?" ಎಂದ ಜೀಪು ಓಡಿಸುವ ಓಂಕಾರಪ್ಪ. ಎಲ್ಲರೂ ನಕ್ಕರು. ಪಂಪುಗಳು ಆಚೆ ಬದಿಗೆ ಹೋಗುತ್ತವೆ, ನಡುವೆ ಎತ್ತರದ ಗೋಡೆ ಬರುತ್ತದೆ ಎಂದು ಧರ್ಮೇಶ್ ನಕ್ಷೆಯಲ್ಲಿ ತೋರಿಸಿದ. ಗುರುವಯ್ಯ ಸಹಿ ಹಾಕಿದ. ಅವನ ಹಿಂದೆ ಇನ್ನೂ ನಾಲ್ವರು ಹಾಕಿದರು.

ಉಳಿದವರು ವಸಂತಮ್ಮ. ಬಂಕಿನ ಹಿಂದಿನ ಇಳಿಜಾರಿನಲ್ಲಿ ಅವರ ಮನೆ, ಮನೆಯ ಮುಂದೆ ಬಾವಿ. ಕಾಫಿ ಲೋಟವನ್ನು ಅವರು ಮುಟ್ಟಿರಲಿಲ್ಲ.

"ನನ್ನ ಬಾವಿ ನೀರು ವಾಸನೆ ಬರ್ತದೆ. ಆರು ವರ್ಷ ಆಯ್ತು."

"ಇಲ್ಲಿ ಜೀಪು ತೊಳೆದ ನೀರು ಇಳೀತದೆ ಅಂತ ಆವತ್ತೇ ಹೇಳಿದ್ನಲ್ಲ ತಂಗಿ," ಎಂದರು ಸೋಮಶೇಖರಪ್ಪ. "ಹೊಸ ಬಂಕಲ್ಲಿ ತೊಳೆಯೋದೇ ಇಲ್ಲ, ಬಿಡಿ."

"ಜೀಪು ತೊಳೆಯೋದು ಮಳೇಲಿ, ಕೆಸರಿದ್ದಾಗ ಅಲ್ವಾ ಅಣ್ಣ? ಮಳೇಲಿ ವಾಸನೆ ಇರಲ್ಲ. ಶಿವರಾತ್ರಿ ಕಳೆದ್ಮೇಲೆ ಶುರುವಾಗ್ತದೆ. ಮಳೆ ಹಿಡೀತು ಅಂದ್ರೆ ಹೋಗ್ತದೆ." ಅವರು ಧರ್ಮೇಶನ ಕಡೆ ತಿರುಗಿದರು. "ನೀನು ಓದಿದವ್ನು, ನೀನೇ ಹೇಳು. ಹೊಸ ಟ್ಯಾಂಕ್ ಹಾಕಿದ್ರೆ ವಾಸನೆ ಹೋಗ್ತದಾ? ಹೋಗ್ತದೆ ಅಂದ್ರೆ ಈಗ್ಲೇ ಸಹಿ ಹಾಕ್ತೀನಿ."

ಧರ್ಮೇಶ್ ಶೆಡ್ಡಿನಾಚೆ ಟ್ಯಾಂಕಿನ ಮುಚ್ಚಳದ ಕಡೆ ನೋಡಿದ.

ಅವನ ತಂದೆಗೆ ಸುತ್ತಲಿನ ಎಸ್ಟೇಟುಗಳಲ್ಲೆಲ್ಲ ಒಂದು ಹೆಸರಿತ್ತು. ಸೋಮಶೇಖರಪ್ಪನ ಡೀಸೆಲಿನಲ್ಲಿ ಒಂದು ಹನಿ ನೀರಿಲ್ಲ ಎನ್ನುವ ಹೆಸರು. ಮಳೆಗಾಲದಲ್ಲಿ ಪ್ರತಿ ಬೆಳಿಗ್ಗೆ ಅವರು ಅಳತೆಯ ಕೋಲಿನ ತುದಿಗೆ ನೀರು ಪತ್ತೆಮಾಡುವ ಲೇಪ ಹಚ್ಚಿ ಟ್ಯಾಂಕಿಗೆ ಇಳಿಸುತ್ತಿದ್ದರು. ನೀರು ತಾಗಿದಷ್ಟು ಭಾಗ ಕೆಂಪಾಗುತ್ತಿತ್ತು. ಅಡಿಯಲ್ಲಿ ನಿಂತ ಆ ನೀರನ್ನೆಲ್ಲ ಕೈಪಂಪಿನಿಂದ ತೆಗೆದ ಮೇಲೆಯೇ ಮೊದಲ ಗಿರಾಕಿಗೆ ಡೀಸೆಲ್. ಮುಚ್ಚಳದ ಸಂದಿಯಿಂದ ಮಳೆ ಇಳಿಯುತ್ತದೆಂದು ವರ್ಷವರ್ಷವೂ ಅದರ ಸುತ್ತ ಡಾಂಬರು ಬಳಿಸುತ್ತಿದ್ದರು. ಬೇಸಿಗೆಯಲ್ಲಿ ಕೋಲಿನ ಮೇಲೆ ಡೀಸೆಲಿನ ಮಟ್ಟ ಲೆಕ್ಕಕ್ಕಿಂತ ಕಡಿಮೆ ಕಂಡರೆ, ಸೆಕೆಗೆ ಆವಿಯಾಗಿದೆ ಎನ್ನುತ್ತಿದ್ದರು. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲವೆಂದು ಧರ್ಮೇಶನಿಗೆ ಗೊತ್ತಿತ್ತು. ಅಪ್ಪ ಹೇಳಿದ್ದೆಂದು ಅವನೂ ಸುಮ್ಮನಿದ್ದ.

ಮಳೆಗಾಲದಲ್ಲಿ ನೆಲದೊಳಗಿನ ನೀರು ಏರಿ ನಿಲ್ಲುತ್ತದೆ, ಟ್ಯಾಂಕಿನ ಹೊರಗಿನ ಒತ್ತಡ ಹೆಚ್ಚಾಗುತ್ತದೆ, ನೀರು ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ನೆಲದ ನೀರು ಕೆಳಗಿಳಿಯುತ್ತದೆ, ಒಳಗಿನ ಡೀಸೆಲ್ ಹೊರಗೆ ಹೋಗುತ್ತದೆ. ಎರಡಕ್ಕೂ ಒಂದೇ ತೂತು.

ಹೋಗ್ತದೆ ಅಂದರೆ ಸಾಕಾಗಿತ್ತು. ಹಳೆಯ ಟ್ಯಾಂಕು ಹೇಗೂ ಗುಜರಿಗೆ ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಣ್ಣು ಕುಡಿದದ್ದನ್ನು ಅಷ್ಟು ಬೇಗ ಬಿಡುವುದಿಲ್ಲ. ಅವನ ಮಾತು ನಂಬಿ ವಸಂತಮ್ಮ ಆ ನೀರನ್ನೇ ಒಲೆಯ ಮೇಲಿಡುತ್ತಾರೆ.

"ಹೋಗಲ್ಲ ವಸಂತಮ್ಮ," ಎಂದ. "ಬೇಗಂತೂ ಹೋಗಲ್ಲ. ನಮ್ಮ ಟ್ಯಾಂಕೇ ತೂತಾಗಿದೆ."

"ಎಂತ ಮಾತಾಡ್ತೀಯೋ!" ಸೋಮಶೇಖರಪ್ಪ ಎದ್ದು ನಿಂತರು. "ಮೂವತ್ತು ವರ್ಷ ಒಂದು ಹನಿ ನೀರು ಉಳಿಯಕ್ಕೆ ಬಿಟ್ಟವನಲ್ಲ ನಾನು."

"ಅದೇ ಅಪ್ಪ. ಆ ನೀರು ಮುಚ್ಚಳದಿಂದ ಬರ್ತಿರ್ಲಿಲ್ಲ. ಮುಚ್ಚಳದಿಂದ ಬಂದಿದ್ರೆ ಡಾಂಬರು ಹಾಕಿದ್ಮೇಲೆ ನಿಲ್ಬೇಕಿತ್ತಲ್ವಾ? ಅಡಿಯಿಂದ ಬರ್ತಿತ್ತು. ಬಂದ ದಾರೀಲೇ ಬೇಸಿಗೇಲಿ ಡೀಸೆಲ್ ಹೋಗ್ತಿತ್ತು. ನಂಗೂ ಇವತ್ತೇ ಹೊಳೆದಿದ್ದು."

ಸೋಮಶೇಖರಪ್ಪ ಮಗನನ್ನೇ ನೋಡಿದರು. ಕುರ್ಚಿಯ ಬೆನ್ನು ಹಿಡಿದು ಮತ್ತೆ ಕೂತರು. ಗುರುವಯ್ಯ ತಾನು ಹಾಕಿದ ಸಹಿಯ ಕಡೆ ನೋಡಿ, ಬೇರೆ ಕಡೆ ತಿರುಗಿದ.

"ಮಳೆಗಾಲದಲ್ಲಿ ಕುಡೀತಿದ್ವಿ," ಎಂದರು ವಸಂತಮ್ಮ. ದನಿ ಏರಲಿಲ್ಲ. "ವಾಸನೆ ಇಲ್ಲ ಅಂತ."

ಅವರು ಸೆರಗು ಸರಿಮಾಡಿಕೊಂಡು, ಕಾಗದವನ್ನು ಮುಟ್ಟದೆ, ಇಳಿಜಾರು ಇಳಿದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಧರ್ಮೇಶ್ ಬರುವ ಹೊತ್ತಿಗೆ ಬಂಕಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಟ್ಯಾಂಕು ಖಾಲಿ ಮಾಡುವ ಲಾರಿಗೆ ಸೋಮಶೇಖರಪ್ಪ ಆಗಲೇ ಫೋನ್ ಮಾಡಿದ್ದರು. ಈಗ ರಸ್ತೆಯ ಅಂಚಿನಲ್ಲಿ ನಿಂತು ಬಂದ ಬಂದ ಗಾಡಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

"ಎಂತ ಸೋಮಣ್ಣ, ಡೀಸೆಲ್ ಖಾಲಿಯಾ?" ಎಂದು ಎಸ್ಟೇಟಿನ ಡ್ರೈವರೊಬ್ಬ ಕೇಳಿದ.

"ಖಾಲಿಯಲ್ಲ. ನನ್ನ ಟ್ಯಾಂಕ್ ಸೋರ್ತದೆ. ವಸಂತಮ್ಮನ ಬಾವಿಗೆ ಹೋಗಿದೆ. ಮೂಡಿಗೆರೆಗೆ ಹೋಗಿ ಹಾಕಿಸ್ಕೋ."

ಹಿಂದಿನ ಜೀಪಿಗೂ ಅದೇ ಮಾತು. ಅದರ ಹಿಂದಿನ ಟ್ರ್ಯಾಕ್ಟರಿಗೂ ಅದೇ, ಒಂದಕ್ಷರ ಬಿಡದೆ.

"ಅಪ್ಪ, ನೆರಳಿಗೆ ಬನ್ನಿ. ಬಂದ್ ಅಂತ ಒಂದು ಬೋರ್ಡ್ ಬರೆದು ಹಾಕ್ತೀನಿ," ಎಂದ ಧರ್ಮೇಶ್.

"ಬೋರ್ಡ್ ಬೇಡ. ನೀನು ಮನೆಯಿಂದ ಎರಡು ಕ್ಯಾನ್ ನೀರು ತುಂಬಿಸ್ಕೊಂಡು ಕೆಳಗೆ ವಸಂತಮ್ಮಂಗೆ ಕೊಟ್ಟು ಬಾ," ಎಂದು ಅವರು ಮುಂದಿನ ಗಾಡಿಯ ಕಡೆ ನಡೆದರು. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಗಂಟಲು ಕಟ್ಟಿತ್ತು. ಆದರೂ ಪ್ರತಿ ಗಾಡಿಯ ಕಿಟಕಿಗೆ ಬಗ್ಗಿ, ಅವರೇ ಹೇಳುತ್ತಿದ್ದರು.